ಸಬ್ಜೆಕ್ಟ್ ಅಲುಗಾಡಬಾರದು

ಏಪ್ರಿಲ್ ತಿಂಗಳ ಸಂಜೆ, ಸಾಧನಕೇರಿಯ ಕಡೆಯ ಗಾಳಿ ರಾಯರ ಮನೆಯ ಕಟ್ಟೆಯನ್ನು ಮುಟ್ಟುವ ಹೊತ್ತಿಗೆ ವೈನಿಯವರು ಗಿರಮಿಟ್ಟು, ಮಿರ್ಚಿ ತಂದಿಟ್ಟರು. ಕಾಕಾ ಕೈ ಚಾಚಿದರು.

"ಮುಟ್ಟಬೇಡಿರಿ!" ಎಂದು ಕ್ಯಾಮೆರಾ ಕಣ್ಣಿಗೆ ಹಿಡಿದ ರಾಯರು ಕೂಗಿದರು. ಮಿರ್ಚಿಯ ಮೇಲೆ ನೊಣವೊಂದು ಕುಳಿತಿತ್ತು. "ಸಬ್ಜೆಕ್ಟ್ ಅಲುಗಾಡಬಾರದು."

"ನಮ್ಮ ಕಾಲದಲ್ಲಿ ಸಬ್ಜೆಕ್ಟ್ ಎಂಬುದು ನಪಾಸಾಗುವುದಕ್ಕೆ ಇರುತ್ತಿತ್ತು. ಈಗ ಅದು ಮಿರ್ಚಿಯ ಮೇಲೂ ಬಂದು ಕೂಡುತ್ತದೆಯೇ?" ಎಂದರು ಕಾಕಾ. ನೊಣ ಹಾರಿತು. ರಾಯರು ಕಾಕಾರ ನೆರಳನ್ನು ದೂರಿದರು.

ರಾಯರಿಗೆ ಈ ಬೇಸಿಗೆಯಲ್ಲಿ ಎಲ್ಲವೂ ಸಬ್ಜೆಕ್ಟೇ. ಬೆಳಗಿನ ಆರಕ್ಕೆ ಕೆಲಗೇರಿ ಕೆರೆಯ ದಂಡೆಯಲ್ಲಿ ಬೋರಲು ಮಲಗುತ್ತಾರೆ; ತಂಪಿಗೆ ಮೈ ಬಿಸಿಯೇರದ ಹುಳು ಬೇಗ ಹಾರುವುದಿಲ್ಲವಂತೆ. ಗುಂಡಣ್ಣ ಪಕ್ಕದಲ್ಲಿ ಕೊಡೆ ಹಿಡಿದು, ಉಸಿರು ಬಿಗಿಹಿಡಿದು ನಿಂತಿರಬೇಕು. ನೂರು ಮಿಲಿಮೀಟರಿನ ಮ್ಯಾಕ್ರೋ ಲೆನ್ಸಿನಲ್ಲಿ ಹುಳುವನ್ನು ಅದರ ಅಳತೆಯಷ್ಟೇ ದೊಡ್ಡದಾಗಿ ಹಿಡಿಯುವಾಗ, ಲೆನ್ಸಿನ ಕಿಂಡಿಯನ್ನು ಎಫ್ 11ರಷ್ಟು ಕಿರಿದಾಗಿಸಿದರೂ ಸ್ಪಷ್ಟವಾಗಿ ಮೂಡುವ ಆಳ ಒಂದೂವರೆ ಮಿಲಿಮೀಟರೂ ಇರುವುದಿಲ್ಲ. ಕಣ್ಣು ಸಿಕ್ಕರೆ ಹೊಟ್ಟೆ ಮಸುಕು, ಹೊಟ್ಟೆ ಸಿಕ್ಕರೆ ಕಣ್ಣು ಮಸುಕು ಎಂದು ರಾಯರು ವಿವರಿಸಿದರು.

"ಮಿಲಿಮೀಟರಿನ ಲೆಕ್ಕದಲ್ಲಿ ಇಷ್ಟು ದುಡ್ಡು ಸುರಿದವರು ಧಾರವಾಡದಲ್ಲಿ ಇಬ್ಬರೇ, ಒಬ್ಬರು ನೀವು, ಇನ್ನೊಬ್ಬರು ಇಲ್ಲಿ ಸೈಟು ಕೊಂಡವರು," ಎಂದು ಕಾಕಾ ಮಿರ್ಚಿಯ ತುದಿ ಮುರಿದರು.

ಹುಳುಗಳಾದರೂ ಬಾಯಿಲ್ಲದ ಪ್ರಾಣಿಗಳು. ಮೊನ್ನೆ ಸಂತೆಯಲ್ಲಿ ಕವಳಿ ಹಣ್ಣು ಮಾರುವ ಮುದುಕಿಯ ಸುಕ್ಕುಗಳನ್ನು ಕಪ್ಪುಬಿಳುಪಿನಲ್ಲಿ ಹಿಡಿಯಲು ರಾಯರು ಮಂಡಿಯೂರಿದಾಗ, ಆಕೆ ಎಲೆಯ ಪೊಟ್ಟಣವನ್ನು ಮುಂದೆ ಚಾಚಿ, "ಮೊದಲ ಹಣ್ಣ ತಗೋರಿ, ಆಮ್ಯಾಲೆ ಮಾರಿ ನೋಡ್ರಿ" ಎಂದಳೆಂದು ಗುಂಡಣ್ಣ ಹೇಳಿದ. ನಾಲ್ಕು ಪೊಟ್ಟಣ ಕೊಂಡ ಮೇಲೆ ಫೋಟೋದಲ್ಲಿ ಬಂದದ್ದು ಆಕೆಯ ನಗು. ರಾಯರಿಗೆ ಬೇಕಾಗಿದ್ದದ್ದು ಬಡತನ.

"ಪರವಾಗಿಲ್ಲ, ಫೀಸು ಕಟ್ಟಿಸಿಕೊಂಡ ಸಬ್ಜೆಕ್ಟ್ ಅದೊಂದೇ," ಎಂದರು ಕಾಕಾ.

ಅಷ್ಟರಲ್ಲಿ ವೈನಿಯವರು ಚಹಾದೊಂದಿಗೆ ತಮ್ಮ ದೂರನ್ನೂ ತಂದರು. ಫ್ರಿಜ್ಜಿನಲ್ಲಿ ಮೊಸರಿನ ಪಕ್ಕದ ಡಬ್ಬಿಯನ್ನು ತೆರೆದರೆ, ಒಳಗೆ ಸೂರ್ಯನ ಕುದುರೆ ಎಂಬ ಹುಳುವೊಂದು ಮುಂಗಾಲು ಜೋಡಿಸಿ ಕುಳಿತಿತ್ತಂತೆ. ತಂಪು ತಾಗಿದರೆ ಅದು ಅಲುಗಾಡುವುದಿಲ್ಲ, ಹತ್ತೇ ನಿಮಿಷ ಇಟ್ಟಿದ್ದೆ ಎಂದು ರಾಯರು ಗೊಣಗಿದರು.

ಕಾಕಾ ಬಸಿಯನ್ನು ಕೆಳಗಿಟ್ಟರು. "ಸೂರ್ಯನ ಕುದುರೆಯನ್ನು ನೀವು ಮೊಸರಿನ ಪಕ್ಕದಲ್ಲಿ ಕಟ್ಟಿಹಾಕಿದ್ದೀರಿ. ರಥ ಮುಂದೆ ಸಾಗದೆ ಅವನು ನಮ್ಮ ತಲೆಯ ಮೇಲೆಯೇ ನಿಂತಿದ್ದಾನೆ. ಈ ಸಲದ ಬಿಸಿಲಿಗೆ ಕಾರಣ ಈಗ ತಿಳಿಯಿತು."

ವೈನಿಯವರು ಅದನ್ನು ಹಿತ್ತಲಿನ ಕರಿಬೇವಿನ ಮೇಲೆ ಬಿಟ್ಟುಬಂದಿದ್ದರು. ಆ ಗಿಡದ ಎಲೆಯ ಮೇಲೆ ಹಕ್ಕಿ ಹಿಕ್ಕೆ ಬಿದ್ದಿತ್ತೆಂದು ಕಿತ್ತು ಒಗೆದಿದ್ದಾಗಿಯೂ ಹೇಳಿದರು. ರಾಯರು ಹೌಹಾರಿದರು, ನಿಂಬೆಚಿಟ್ಟೆಯ ಎಳೆಯ ಹುಳು ವೈರಿಗಳ ಕಣ್ಣು ತಪ್ಪಿಸಲು ಹಿಕ್ಕೆಯ ವೇಷದಲ್ಲಿಯೇ ಇರುತ್ತದೆ, ನಿಂಬೆ, ಕರಿಬೇವಿನಂಥ ಗಿಡಗಳ ಎಲೆಯೇ ಅದರ ಊಟ. ಅದನ್ನು ಹುಡುಕಿಕೊಂಡು ಅವರು ಕಪ್ಪತಗುಡ್ಡದವರೆಗೆ ಹೋಗಿಬಂದಿದ್ದರು.

"ನಾವೀಗ ತಿನ್ನುತ್ತಿರುವ ಗಿರಮಿಟ್ಟಿನ ಒಗ್ಗರಣೆಯಲ್ಲಿ ಅದರ ಮನೆಯೇ ಇದೆ," ಎಂದು ಕಾಕಾ ಕರಿಬೇವಿನ ಎಲೆಯೊಂದನ್ನು ಬಟ್ಟಲಿನ ಅಂಚಿಗೆ ಸರಿಸಿದರು. ಯಾರೂ ನಗಲಿಲ್ಲವೆಂದು ತಾವೇ ಮುಂದುವರಿಸಿದರು: "ನಿಮ್ಮಲ್ಲಿ ಜೀರ್ಜಿಂಬೆಯ ಫೋಟೋ ಇದೆಯೇ?"

ರಾಯರು ಕ್ಯಾಮೆರಾದ ಪರದೆಯನ್ನು ಬಹಳ ಹೊತ್ತು ಸರಿಸಿದರು. ಇರಲಿಲ್ಲ.

"ಮುಂಗಾರಿನ ಮಳೆಯಾದ ಮೇಲೆ ಜಾಲಿಯ ಗಿಡಗಳಲ್ಲಿ ಸಿಗುತ್ತಿತ್ತು. ಬೆನ್ನು ಹಸಿರೋ ಬಂಗಾರವೋ ಹೇಳಲಾಗದು. ಕಡ್ಡಿಪೆಟ್ಟಿಗೆಯಲ್ಲಿ ಜಾಲಿಯ ಎಲೆ ಹಾಕಿ ದಿಂಬಿನ ಕೆಳಗೆ ಇಟ್ಟುಕೊಂಡರೆ, ರಾತ್ರಿಯೆಲ್ಲ ಕರಕರ ಎಂದು ಕೆರೆಯುತ್ತಿತ್ತು."

"ಆಗ ಒಂದು ಫೋಟೋ ತೆಗೆಸಬೇಕಿತ್ತು, ಕಾಕಾ," ಎಂದ ಗುಂಡಣ್ಣ.

"ತೆಗೆಸಿದ್ದಾರೆ. ಅಪ್ಪ ನಮ್ಮನ್ನೆಲ್ಲ ಹುಬ್ಬಳ್ಳಿಯ ಸ್ಟುಡಿಯೋಕ್ಕೆ ಕರೆದುಕೊಂಡು ಹೋಗಿದ್ದರು. ನನ್ನ ಬಾಲ್ಯದ ಫೋಟೋ ಎಂದು ಉಳಿದಿರುವುದು ಅದೊಂದೇ. ಅದರಲ್ಲಿ ನನ್ನ ಬಲಗೈ ಮುಷ್ಟಿ ಕಟ್ಟಿದೆ. ಫೋಟೋದವನು ಕೈ ಬಿಡು ಎಂದ, ಅಪ್ಪ ಗದರಿಸಿದರು, ನಾನು ಬಿಡಲಿಲ್ಲ. ಅದು ಒಳಗೆ ಅಲುಗಾಡುತ್ತಿತ್ತು."