ಇಂಟರ್‌ನೆಟ್ ರೇಡಿಯೋ: ‘ಇಳಿಸು’, ‘ಧ್ವನಿಮುದ್ರಿಸು’, ‘ಹಿಡಿದಿಡು’ – ಯಾವುದು ಸರಿ?

ಎಲ್ಲರಿಗೂ ನಮಸ್ಕಾರ.

ಇಂಟರ್‌ನೆಟ್ ರೇಡಿಯೋದಲ್ಲಿ ಬರುವುದನ್ನು ರೆಕಾರ್ಡ್ ಮಾಡಿಕೊಂಡು ಆಮೇಲೆ ಮೊಬೈಲಿನಲ್ಲಿ ಕೇಳುವುದು ಹೇಗೆ ಅಂತ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಹೊರದೇಶದ ಕನ್ನಡದವರಿಗೆ ಇದು ನಿಜಕ್ಕೂ ಬೇಕು. ಆಕಾಶವಾಣಿಯಲ್ಲಿ ರಾತ್ರಿ ಒಂಬತ್ತೂವರೆಗೆ ಸಂಗೀತ ಕಛೇರಿ ಶುರುವಾದರೆ, ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾದವರಿಗೆ ಆಗ ಬೆಳಿಗ್ಗೆ ಒಂಬತ್ತು. ಆಫೀಸಿನ ಹೊತ್ತು. ಸಂಜೆಗೆ ಉಳಿಸಿಕೊಳ್ಳದೆ ಬೇರೆ ದಾರಿಯಿಲ್ಲ. ಈ ಕೆಲಸಕ್ಕೆ ಕನ್ನಡದ ಯಾವ ಕ್ರಿಯಾಪದ ಬಳಸಲಿ ಅನ್ನುವುದು ನನ್ನ ಪ್ರಶ್ನೆ.

ಡೌನ್‌ಲೋಡ್‌ಗೆ ‘ಇಳಿಸಿಕೊಳ್ಳು’ ಚೆನ್ನಾಗಿಯೇ ನಿಂತಿದೆ. ಆದರೆ ಇಳಿಸಿಕೊಳ್ಳಬೇಕಾದರೆ ಫೈಲು ಆ ಕಡೆ ಮೊದಲೇ ಸಿದ್ಧವಾಗಿರಬೇಕು. ನೇರ ಪ್ರಸಾರದಲ್ಲಿ ಹಾಗಿಲ್ಲ. ಸರ್ವರ್ ಕಳಿಸುತ್ತಲೇ ಇರುತ್ತದೆ, ನಮ್ಮ ಪ್ಲೇಯರ್ ಕೆಲವು ಸೆಕೆಂಡಿನಷ್ಟು ಇಟ್ಟುಕೊಂಡು, ಕೇಳಿಸಿ, ಬಿಟ್ಟುಬಿಡುತ್ತದೆ. ವಿಎಲ್‌ಸಿ ಅನ್ನುವ ಪ್ಲೇಯರಿನಲ್ಲಿ ರೆಕಾರ್ಡ್ ಮಾಡುವ ಕೆಂಪು ಗುಂಡಿ ಒತ್ತಿದ ಮೇಲೆ ಬಂದದ್ದಷ್ಟೇ ಫೈಲಿಗೆ ಸೇರುತ್ತದೆ. ನೆಟ್ ಎಷ್ಟೇ ವೇಗವಿದ್ದರೂ ಒಂದು ಗಂಟೆಯ ಕಛೇರಿಗೆ ಒಂದು ಗಂಟೆಯೇ ಬೇಕು. ಪ್ರಸಾರ 128 ಕೆಬಿಪಿಎಸ್ (ಸೆಕೆಂಡಿಗೆ 128 ಕಿಲೋಬಿಟ್) ಆದರೆ ಫೈಲು ಸುಮಾರು 58 ಎಂಬಿ ಆಗುತ್ತದೆ. ನಡುವೆ ನೆಟ್ ಹೋಯಿತೋ, ಅಷ್ಟು ಹೊತ್ತಿನ ಆಲಾಪನೆ ಹೋಯಿತು.

‘ಧ್ವನಿಮುದ್ರಿಸು’ ಅಂದರೆ ಸ್ಟುಡಿಯೋ, ಮೈಕು, ಮುಂದೆ ಕೂತು ಹಾಡುವವರು ಕಣ್ಣಿಗೆ ಬರುತ್ತಾರೆ. ರೇಡಿಯೋದವರು ಎಷ್ಟೋ ಸಲ ‘ಧ್ವನಿಮುದ್ರಿತ ಕಾರ್ಯಕ್ರಮ’ವನ್ನೇ ಹಾಕುತ್ತಾರೆ, ಅಲ್ವಾ? ಅದನ್ನು ನಾನು ಮನೆಯಲ್ಲಿ ಇನ್ನೊಮ್ಮೆ ಧ್ವನಿಮುದ್ರಿಸಿದೆ ಅಂದರೆ ಓದುವವರಿಗೆ ಗೊಂದಲ.

ನನಗೆ ‘ಹಿಡಿದಿಡು’ ಇಷ್ಟ. ‘ಹಿಡಿ’ ರೇಡಿಯೋಗೆ ಹೊಸದಲ್ಲ. “ನಿಮ್ಮನೇಲಿ ಸಿಲೋನ್ ಹಿಡಿಯುತ್ತಾ?”, “ಧಾರವಾಡ ಸ್ಟೇಷನ್ ಸರಿಯಾಗಿ ಹಿಡೀತಿಲ್ಲ” ಅಂತ ಎಲ್ಲರೂ ಹೇಳುತ್ತಿದ್ದವರೇ. ಹಾಗಾಗಿ ಬರೀ ‘ಹಿಡಿ’ ಅಂದರೆ ಸ್ಟೇಷನ್ ಸಿಕ್ಕಿತು ಅಂತಷ್ಟೇ ಅರ್ಥ. ಜೊತೆಗೆ ‘ಇಡು’ ಬಂದಾಗ ‘ಆಮೇಲಕ್ಕೆ’ ಅನ್ನುವುದೂ ಸೇರಿಕೊಳ್ಳುತ್ತದೆ. ಎತ್ತಿಡು, ಬರೆದಿಡು, ಅವನ ಪಾಲಿನ ಹೋಳಿಗೆ ತೆಗೆದಿಡು. ಆಮೇಲೆ ಕೇಳಲಿಕ್ಕೆ ಅಂತ ಬೇರೆ ಹೇಳಬೇಕಾಗಿಯೇ ಇಲ್ಲ. ನಮ್ಮ ಭಾಷೆಯಲ್ಲಿ ಇಷ್ಟು ಸಲೀಸಾಗಿ ಕೂತಿರುವುದನ್ನು ಬಿಟ್ಟು ಹೊಸ ಸಂಸ್ಕೃತ ಸಮಾಸ ಯಾಕೆ ಕಟ್ಟಬೇಕು?

ಕಂಪ್ಯೂಟರಿನಿಂದ ಮೊಬೈಲಿಗೋ ಪೆನ್‌ಡ್ರೈವಿಗೋ ಹಾಕಿಕೊಳ್ಳುವುದಕ್ಕೆ ‘ತುಂಬಿಸು’ ಸಾಕು. ಕ್ಯಾಸೆಟ್ ಕಾಲದಲ್ಲಿ ಚೀಟಿ ಬರೆದು ಅಂಗಡಿಗೆ ಕೊಟ್ಟು, 60 ನಿಮಿಷದ್ದಕ್ಕೋ 90 ನಿಮಿಷದ್ದಕ್ಕೋ ಹಾಡು ತುಂಬಿಸಿಕೊಂಡು ಬರುತ್ತಿದ್ದೆವು. ಆ ಮಾತು ಇನ್ನೂ ಬಳಕೆಯಲ್ಲಿದೆ. ಬಫರಿಂಗ್‌ಗೂ ಜನರ ಮಾತನ್ನೇ ತೆಗೆದುಕೊಂಡಿದ್ದೇನೆ: “ಸುತ್ತುತ್ತಾ ಇದ್ದರೆ ಸ್ವಲ್ಪ ಕಾಯಿರಿ.”

ಎರಡು ತೊಡಕು ಉಳಿದಿವೆ. ‘ಕಛೇರಿ ನಮ್ಮನ್ನು ಹಿಡಿದಿಟ್ಟಿತು’ ಅಂದರೆ ಎದ್ದು ಹೋಗಲು ಬಿಡಲಿಲ್ಲ ಅಂತ. ‘ಕಛೇರಿಯನ್ನು ಹಿಡಿದಿಟ್ಟೆ’ ಅಂದಾಗ ವಿಭಕ್ತಿ ಅರ್ಥವನ್ನು ಕಾಯುತ್ತದೆ, ಆದರೆ ಮಾತಿನಲ್ಲಿ ಆ ‘ಅನ್ನು’ ಬಿದ್ದುಹೋಗುವುದೇ ಜಾಸ್ತಿ. ಕೇಳಿದವರಿಗೆ ತಪ್ಪು ಅರ್ಥ ಆದೀತೇ?

ಇನ್ನೊಂದು ನಾಮಪದದ್ದು. ‘ಧ್ವನಿಮುದ್ರಿಸು’ವಿನಿಂದ ‘ಧ್ವನಿಮುದ್ರಣ’, ‘ಧ್ವನಿಮುದ್ರಿಕೆ’ ಸುಲಭವಾಗಿ ಬರುತ್ತವೆ. ‘ಹಿಡಿದಿಡುವಿಕೆ’ ಬಾಯಿಗೆ ಭಾರ. “ನಿಮ್ಮ ರೆಕಾರ್ಡಿಂಗ್‌ಗಳು ಈ ಫೋಲ್ಡರಿನಲ್ಲಿವೆ” ಅನ್ನುವಲ್ಲಿ ಏನು ಬರೆಯಲಿ? ‘ಹಿಡಿದಿಟ್ಟವು’ ಅಂದರೆ ನಡೆಯುತ್ತದೆಯೇ? ಅಲ್ಲಿ ಮಾತ್ರ ‘ರೆಕಾರ್ಡಿಂಗ್’ ಅಂತಲೇ ಉಳಿಸಿಕೊಳ್ಳಲೇ? ಉತ್ತರ ಕರ್ನಾಟಕದ ಕಡೆ, ಕರಾವಳಿಯ ಕಡೆ ಮನೆಯಲ್ಲಿ ಇದಕ್ಕೆ ಬೇರೆ ಮಾತಿದ್ದರೆ ದಯವಿಟ್ಟು ಒಂದು ವಾಕ್ಯದಲ್ಲಿ ಬಳಸಿ ತಿಳಿಸಿ.