ಒಲಿಂಪಿಕ್ ಟ್ರ್ಯಾಪ್: ಬಲಕ್ಕೆ ಹೋಗುವ ಕ್ಲೇ ಯಾಕೆ ತಪ್ಪುತ್ತಿದೆ?

ಪ್ರಶ್ನೆ:
ಒಲಿಂಪಿಕ್ ಟ್ರ್ಯಾಪ್‌ನಲ್ಲಿ (ಯಂತ್ರ ಎಸೆಯುವ ಬಿಲ್ಲೆ, ಅಂದರೆ ಕ್ಲೇಯನ್ನು ಕೋವಿಯಿಂದ ಒಡೆಯುವ ಆಟ) 25ರ ಸುತ್ತಿನಲ್ಲಿ ಸ್ಕೋರ್ 19, 20ಕ್ಕೇ ನಿಂತುಬಿಡುತ್ತಿದೆ. ನೇರ ಹೋಗುವ ಕ್ಲೇ ಮೊದಲ ಗುಂಡಿಗೇ ಪುಡಿಯಾಗುತ್ತದೆ, ಎಡಕ್ಕೆ ಹೋಗುವುದೂ ಪರವಾಗಿಲ್ಲ. ಬಲಕ್ಕೆ ಓರೆಯಾಗಿ ಹೋಗುವುದು ಮಾತ್ರ, ಅದರಲ್ಲೂ 5ನೇ ಸ್ಟೇಷನ್‌ನಲ್ಲಿ (ಶೂಟರ್ ನಿಲ್ಲುವ ಜಾಗ), ಎರಡು ಗುಂಡಿಗೂ ಸಿಗುತ್ತಿಲ್ಲ. ಬಲಗೈ ಶೂಟರ್, 12 ಬೋರ್ ಓವರ್-ಅಂಡರ್ (ಒಂದರ ಮೇಲೊಂದು ಎರಡು ನಳಿಗೆಯ ಕೋವಿ), 30 ಇಂಚು ನಳಿಗೆ, 24 ಗ್ರಾಂ ತೋಟಾ, 7.5 ನಂಬರ್ ಚರೆ. ಚೋಕ್ (ಚರೆ ಎಷ್ಟು ಹರಡಬೇಕೆಂದು ತೀರ್ಮಾನಿಸುವ ನಳಿಗೆ ಬಾಯಿಯ ಬಿಗಿತ) ಮೊದಲ ನಳಿಗೆಗೆ ಇಂಪ್ರೂವ್ಡ್ ಮಾಡಿಫೈಡ್, ಎರಡನೆಯದಕ್ಕೆ ಇನ್ನೂ ಬಿಗಿಯಾದ ಫುಲ್. ಚೋಕ್ ಸಡಿಲ ಮಾಡಿದರೆ ಸರಿಹೋಗುತ್ತದೆಯೇ?

ಉತ್ತರ 1:
ಚೋಕ್ ಮುಟ್ಟಬೇಡಿ. ನೇರದ ಕ್ಲೇ ಪುಡಿಯಾಗುತ್ತಿದೆ ಎಂದರೆ ಚರೆ ಸಾಕಷ್ಟು ದಟ್ಟವಾಗಿಯೇ ಬೀಳುತ್ತಿದೆ. 24 ಗ್ರಾಂನಲ್ಲಿ ನಿಮ್ಮ 7.5 ನಂಬರಿನ, ಅಂದರೆ 2.4 ಮಿ.ಮೀ. ಚರೆ ಸುಮಾರು 300 ಇರುತ್ತದೆ. ಕ್ಲೇ ಅಗಲ 110 ಮಿ.ಮೀ. ಮಾತ್ರ. ಇನ್ನೂ ಹರಡಿಸಿದರೆ ನಡುವೆ ತೂತು ಬಿದ್ದು ಈಗ ಸಿಗುತ್ತಿರುವುದೂ ಕೈತಪ್ಪಬಹುದು.

ಲೆಕ್ಕ ನೋಡಿ. 45 ಡಿಗ್ರಿ ಕ್ಲೇ ನಿಮ್ಮಿಂದ ಸುಮಾರು 30 ಮೀಟರ್ ದೂರದಲ್ಲಿ ಒಡೆಯಬೇಕು. ಚರೆ ಅಲ್ಲಿಗೆ ಮುಟ್ಟಲು ಸೆಕೆಂಡಿನ ಹತ್ತನೇ ಒಂದು ಭಾಗ ಬೇಕು. ಅಷ್ಟರಲ್ಲಿ ಕ್ಲೇ ನಿಮ್ಮ ಕಣ್ಣಿಗೆ ಅಡ್ಡಲಾಗಿ ಮುಕ್ಕಾಲು ಮೀಟರಿಗಿಂತ ಹೆಚ್ಚು ಸರಿದಿರುತ್ತದೆ. ಟ್ರಿಗರ್ ಎಳೆಯುವಾಗ ಕೋವಿ ಒಂದು ಕ್ಷಣ ನಿಂತರೂ ಇಡೀ ಚರೆ ಹಿಂದೆಯೇ ಹೋಗುತ್ತದೆ. ನಳಿಗೆ ಓಡುತ್ತಲೇ ಇದ್ದರೆ ಕ್ಲೇಗೂ ಅದರ ಮುಂದಿರುವ ನಳಿಗೆಗೂ ನಡುವೆ ಕಣ್ಣಿಗೆ ಕಾಣುವ ಅಂತರ ಇದಕ್ಕಿಂತ ತುಂಬಾ ಕಡಿಮೆ, ಅದನ್ನು ಅಳೆಯಲು ಹೋಗಬೇಡಿ. ಅಳೆಯಲು ಹೊರಟವರ ಕಣ್ಣು ಬೀಡ್‌ಗೆ (ನಳಿಗೆ ತುದಿಯ ಗುರಿಮಣಿ) ಬರುತ್ತದೆ, ಕಣ್ಣು ಬೀಡ್‌ಗೆ ಬಂದ ಕೂಡಲೇ ಕೋವಿ ನಿಲ್ಲುತ್ತದೆ.

ಉತ್ತರ 2:
5ನೇ ಸ್ಟೇಷನ್ ಕಷ್ಟ ಎಂಬ ಭಾವನೆ ಬಹುಶಃ ಒಂದೇ ಯಂತ್ರದ ಡೌನ್-ದಿ-ಲೈನ್ ಆಟದಿಂದ ಬಂದದ್ದು. ಒಲಿಂಪಿಕ್ ಟ್ರ್ಯಾಪ್‌ನ ಟ್ರೆಂಚ್‌ನಲ್ಲಿ (ಯಂತ್ರಗಳನ್ನು ಇಟ್ಟಿರುವ ಹಳ್ಳ) 15 ಯಂತ್ರಗಳಿವೆ. ಪ್ರತಿ ಸ್ಟೇಷನ್ ಎದುರಿಗೆ, 15 ಮೀಟರ್ ಮುಂದೆ, ಅದರದ್ದೇ ಮೂರು. ಹಾಗಾಗಿ 1ರಲ್ಲೂ 5ರಲ್ಲೂ ಲೆಕ್ಕ ಒಂದೇ. ಆ ದಿನದ ಸ್ಕೀಮ್‌ನಲ್ಲಿ (ಯಂತ್ರಗಳ ಕೋನ ನಿಗದಿಪಡಿಸುವ ಪಟ್ಟಿ) ಕೋನ ಎಷ್ಟಿದೆ ಎಂಬುದಷ್ಟೇ ಬೇರೆ.

ಇನ್ನೊಂದು ವಿಷಯ ಹಲವರು ಗಮನಿಸುವುದಿಲ್ಲ. ಬಲಕ್ಕೆ ಹೋಗುವ ಕ್ಲೇ ಬರುವುದು ಎಡ ಬದಿಯ ಯಂತ್ರದಿಂದ. ಟ್ರೆಂಚ್ ಮೇಲಿನ ಗುರುತಿನ ಎಡಗಡೆ ಏನೋ ಮಿಂಚಿತು ಎಂದು ಕೋವಿ ಎಡಕ್ಕೆ ಒಂದಿಷ್ಟು ಜಗ್ಗುತ್ತದೆ, ಆಮೇಲೆ ಬಲಕ್ಕೆ ಓಡಿಸಬೇಕು. ಅಲ್ಲಿಗೇ ನೀವು ಹಿಂದೆ ಬಿದ್ದಾಯಿತು. ನಳಿಗೆಯನ್ನು ಗುರುತಿನ ಮೇಲೆ ಇಟ್ಟು, ನೋಟವನ್ನು ಅದಕ್ಕಿಂತ ತುಸು ಮೇಲೆ, ದೂರಕ್ಕೆ, ಸಡಿಲವಾಗಿ ಬಿಡಿ. ಮಸುಕು ಗೆರೆ ಹೋಗಿ ಬಿಲ್ಲೆಯ ಅಂಚು ಕಾಣುವವರೆಗೆ ಕೋವಿ ಅಲುಗಬಾರದು.

ಪಾದದ ಕಡೆಗೂ ಗಮನ ಕೊಡಿ. ಬಲಗೈಯವರು ಬಲಕ್ಕೆ ತಿರುಗುವಾಗ ಸ್ಟಾಕ್ (ಭುಜಕ್ಕೆ ಆನಿಸುವ ಕೋವಿಯ ಹಿಂಭಾಗ) ಕೆನ್ನೆಯಿಂದ ದೂರ ಸರಿಯುತ್ತದೆ, ಎಡಕ್ಕೆ ತಿರುಗುವಾಗ ಕೆನ್ನೆಗೆ ಒತ್ತುತ್ತದೆ. ಎಡ ಸಲೀಸು, ಬಲ ಕಷ್ಟ ಆಗಲು ಇದೂ ಕಾರಣ. ಬಲಗಡೆಯ ಕ್ಲೇ ಒಡೆಯಬೇಕಾದ ಕಡೆಗೆ ಹೊಟ್ಟೆ ಮುಖ ಮಾಡುವಂತೆ ನಿಂತು, ಅಲ್ಲಿಂದ ಸೊಂಟ ತಿರುಗಿಸಿ ಗುರುತಿಗೆ ಬನ್ನಿ. ಕೈಯಿಂದ ಕೋವಿ ತಳ್ಳಿದರೆ ಬಲ ಭುಜ ಕೆಳಗಿಳಿದು ನಳಿಗೆ ಓಡುವ ದಾರಿ ಕಮಾನಿನಂತೆ ಬಾಗುತ್ತದೆ, ಗುಂಡು ಹಿಂದೆ ಮತ್ತು ಕೆಳಗೆ ಹೋಗುತ್ತದೆ.

ಉತ್ತರ 3:
ಇದೆಲ್ಲ ಸರಿ, ಆದರೆ ಮೊದಲು ಕೋವಿ ಎಲ್ಲಿಗೆ ಹೊಡೆಯುತ್ತಿದೆ ಎಂದು ತಿಳಿಯಬೇಕು. ಒಂದು ಬದಿ ಮಾತ್ರ ತಪ್ಪುತ್ತಿದ್ದರೆ ನನ್ನ ಅನುಮಾನ ಸ್ಟಾಕ್ ಮೇಲೆ.

30 ಮೀಟರಿನಲ್ಲಿ ಒಂದು ಮೀಟರ್ ಅಗಲದ ಕಾಗದ ಕಟ್ಟಿ, ನಡುವೆ ಚುಕ್ಕೆ ಹಾಕಿ. ಗುರಿ ಕೂಡಿಸದೆ, ಕಣ್ಣು ಚುಕ್ಕೆಯ ಮೇಲಿಟ್ಟು ಕೋವಿ ಏರಿಸಿ, ಏರಿದ ಕೂಡಲೇ ಹೊಡೆಯಿರಿ. ಒಂದು ಕಾಗದಕ್ಕೆ ಒಂದೇ ಗುಂಡು, ಇಂಥವು ಐದು. ಟ್ರ್ಯಾಪ್ ಕೋವಿಯಲ್ಲಿ ನೂರಕ್ಕೆ 60ರಿಂದ 70 ಚರೆ ಚುಕ್ಕೆಯ ಮೇಲ್ಭಾಗದಲ್ಲಿ ಇರುವುದು ಸಹಜ, ಏರುತ್ತಿರುವ ಕ್ಲೇಗೆ ಅದೇ ಬೇಕು. ಎಡ-ಬಲ ಮಾತ್ರ ಸಮನಾಗಿರಬೇಕು.

ಐದೂ ಎಡಕ್ಕೆ ವಾಲಿದ್ದರೆ ನಿಮ್ಮ ಕಣ್ಣು ರಿಬ್‌ನ (ನಳಿಗೆ ಮೇಲಿನ ಉದ್ದ ಪಟ್ಟಿ) ಎಡಕ್ಕೆ ಕೂರುತ್ತಿದೆ. ಕಣ್ಣಿನಿಂದ ಬೀಡ್‌ಗೆ ಒಂದು ಮೀಟರ್ ಎಂದುಕೊಂಡರೆ, ಕಣ್ಣು 3 ಮಿ.ಮೀ. ಸರಿದರೆ 30 ಮೀಟರಿನಲ್ಲಿ 9 ಸೆಂ.ಮೀ. ವ್ಯತ್ಯಾಸ. ಬಲಕ್ಕೆ ಹೋಗುವ ಕ್ಲೇಗೆ ಅಷ್ಟು ಹಿಂದೆ, ಎಡಕ್ಕೆ ಹೋಗುವುದಕ್ಕೆ ಅಷ್ಟು ಮುಂದೆ. ನಿಮ್ಮ ದೂರಿಗೆ ಇದು ತಾಳೆಯಾಗುತ್ತದೆ! ಕೆನ್ನೆ ತಾಗುವ ಕೋಂಬ್ ದಪ್ಪವಾಗಿರಬಹುದು, ಇಲ್ಲವೇ ಬಲಕ್ಕೆ ಕಾಸ್ಟ್ (ಸ್ಟಾಕ್ ಪಕ್ಕಕ್ಕೆ ವಾಲಿರುವ ಪ್ರಮಾಣ) ಸಾಲದಿರಬಹುದು. ಸ್ಟಾಕ್ ಕೆತ್ತುವ ಮೊದಲು ಕೋಂಬ್ ಅನ್ನು ಬಲಕ್ಕೆ ಸರಿಸಿ ನೋಡಿ, ಸರಿಯುವ ಕೋಂಬ್ ಇದ್ದರೆ. ಒಂದು ಸಲಕ್ಕೆ 1 ಮಿ.ಮೀ., ಮತ್ತೆ ಕಾಗದ.

ಪ್ರಶ್ನೆ ಕೇಳಿದವರು:
ಕಾಗದ ಹೊಡೆದು ನೋಡುತ್ತೇನೆ. ಎರಡನೇ ಗುಂಡು ಯಾಕೆ ಸಿಗುವುದಿಲ್ಲ?

ಉತ್ತರ 1:
ಮೊದಲನೆಯದು ತಪ್ಪಿತು ಎಂದು ನೋಡಲು ತಲೆ ಏಳುತ್ತದೆ, ಅಷ್ಟೇ. ಕೆನ್ನೆ ಸ್ಟಾಕ್‌ನಲ್ಲೇ ಇರಲಿ, ಸೊಂಟ ತಿರುಗುತ್ತಲೇ ಇರಲಿ. ಅಂತಿಮ ಸುತ್ತಿನಲ್ಲಿ ಒಂದು ಕ್ಲೇಗೆ ಒಂದೇ ಗುಂಡು, ಆದ್ದರಿಂದ ಅಭ್ಯಾಸದ ಅರ್ಧ ಸುತ್ತುಗಳನ್ನು ಒಂದೇ ತೋಟಾ ಹಾಕಿ ಆಡಿ. ರೇಂಜ್‌ನವರನ್ನು ಕೇಳಿ ಎಡ ಯಂತ್ರದ ಕ್ಲೇ ಮಾತ್ರ ಬಿಡಿಸಿಕೊಳ್ಳಿ, 3ನೇ ಸ್ಟೇಷನ್‌ನಿಂದ, 30 ಡಿಗ್ರಿಗೆ ಹತ್ತು. ಎಂಟು ಒಡೆದರೆ 45ಕ್ಕೆ ಏರಿಸಿ. ಮತ್ತೆ, ಚರೆ ತಾಗಿ ಬರೀ ಧೂಳೆದ್ದರೆ ಅದು ಹಿಟ್ ಅಲ್ಲ, ಕಣ್ಣಿಗೆ ಕಾಣುವ ಒಂದು ಚೂರಾದರೂ ಬೀಳಬೇಕು. ಅಭ್ಯಾಸದಲ್ಲೂ ಹಾಗೆಯೇ ಎಣಿಸಿ.