ಸಹಾಯ ಬೇಕು: ಮಕ್ಕಳಿಗೆ ಓದಿಸಲು ಹಳೆಯ ಗೇಣಿ ಚೀಟಿಗಳು

ಎಲ್ಲರಿಗೂ ನಮಸ್ಕಾರ. ನಾನು ಉಡುಪಿ ಹತ್ತಿರದ ಹೈಸ್ಕೂಲೊಂದರಲ್ಲಿ ಸಮಾಜ ವಿಜ್ಞಾನ ಟೀಚರ್. ಒಂಬತ್ತನೇ ತರಗತಿಯವರಿಗೆ ಮೂಲ ದಾಖಲೆ ಓದುವುದನ್ನು ಕಲಿಸುತ್ತಿದ್ದೇನೆ. ಮೊದಲು 1843ರ ‘ಮಂಗಳೂರ ಸಮಾಚಾರ’ ಪತ್ರಿಕೆಯ ಒಂದು ಪುಟ ಕೊಟ್ಟೆ. ಕಲ್ಲಚ್ಚಿನ ಅಕ್ಷರಗಳನ್ನು ಕಷ್ಟಪಟ್ಟು ಬಿಡಿಸಿ ಓದಿದರು. ಆದರೆ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಧರ್ಮಪ್ರಚಾರ ಸಂಸ್ಥೆಯ ಮೋಗ್ಲಿಂಗ್ ಇದನ್ನು ಯಾರಿಗಾಗಿ, ಯಾಕೆ ಹೊರಡಿಸಿದರು ಅಂತ ಕೇಳಿದರೆ ತರಗತಿಯೇ ಮೌನ. ಅಚ್ಚಾದದ್ದೆಲ್ಲ ನಿಜ ಅಂತಲೇ ಅವರ ನಂಬಿಕೆ.

ಕಳೆದ ವಾರ ಹುಡುಗಿಯೊಬ್ಬಳು ಅಜ್ಜಿಮನೆಯ ಅಟ್ಟದಲ್ಲಿ ಸಿಕ್ಕಿದ ಚಾಲಗೇಣಿ (ಧಣಿ ಬೇಕೆಂದಾಗ ಬಿಡಿಸಬಹುದಾದ ಗೇಣಿ) ಚೀಟಿಯ ಫೋಟೋಪ್ರತಿ ತಂದಳು. ವರ್ಷಕ್ಕೆ ಇಷ್ಟು ಮುಡಿ (ಹುಲ್ಲಿನಲ್ಲಿ ಕಟ್ಟಿದ ಅಕ್ಕಿಯ ಅಳತೆ) ಅಕ್ಕಿ ಅಂತ ಬರೆದು, ಕೆಳಗೆ ಒಕ್ಕಲಿನವರ, ಅಂದರೆ ಗೇಣಿಗೆ ಸಾಗುವಳಿ ಮಾಡುವವರ, ಎಡಗೈ ಹೆಬ್ಬೆಟ್ಟಿನ ಗುರುತು. ಹಿಂದಿನ ಬೆಂಚಿನ ಹುಡುಗ ಎದ್ದು ಕೇಳಿದ: "ಟೀಚರ್, ಓದ್ಲಿಕ್ಕೆ ಬಾರದವರಿಗೆ ಇದ್ರಲ್ಲಿ ಏನು ಬರ್ದಿದೆ ಅಂತ ಹೇಗೆ ಗೊತ್ತಾಗ್ತದೆ?" ಒಂದು ತಿಂಗಳಿಂದ ನಾನು ಅವರ ಬಾಯಿಂದ ಕೇಳಬೇಕು ಅಂತ ಕಾದಿದ್ದ ಪ್ರಶ್ನೆ ಅದು. ಇಡೀ ಪೀರಿಯಡ್ ಅದರಲ್ಲೇ ಕಳೆಯಿತು.

ನಿಮ್ಮ ಮನೆಯಲ್ಲಿ ಮೂಲಗೇಣಿ (ಶಾಶ್ವತ ಗೇಣಿ), ಚಾಲಗೇಣಿ ಚೀಟಿ, ತೀರ್ವೆ (ಭೂಕಂದಾಯ) ರಶೀದಿ, ಭೂಸುಧಾರಣೆ ಕಾಲದ ಡಿಕ್ಲರೇಶನ್ (ಒಕ್ಕಲಿನವರು ಭೂಮಿಯ ಹಕ್ಕು ಕೋರಿ ಕೊಟ್ಟ ಅರ್ಜಿ) ಪ್ರತಿ ಇದ್ದರೆ ದಯವಿಟ್ಟು ಸ್ಪಷ್ಟವಾದ ಫೋಟೋ ಕಳಿಸಿ. ಮೂಲ ಕಾಗದ ಬೇಡವೇ ಬೇಡ. ಹೆಸರು, ಸರ್ವೆ ನಂಬರ್ ಮುಚ್ಚಿಯೇ ಕಳಿಸಿ. ಒಂದೇ ಗದ್ದೆಯ ಗೇಣಿ ಚೀಟಿಯೂ 1974ರ ನಂತರದ ಡಿಕ್ಲರೇಶನ್ನೂ ಜೊತೆಗೆ ಸಿಕ್ಕಿದರೆ ದೊಡ್ಡ ಉಪಕಾರ. ಧಣಿಯ ಮಾತು, ಒಕ್ಕಲಿನವರ ಮಾತು ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಬಹುದು.

ಹಳೇ ಮೋಡಿ ಬರವಣಿಗೆ (ಅಕ್ಷರ ಕೂಡಿಸಿ ಬೇಗ ಬರೆಯುವ ಕೈಬರಹ) ಓದಬಲ್ಲ ಹಿರಿಯರು ಯಾರಾದರೂ ಒಂದು ಶನಿವಾರ ಬೆಳಿಗ್ಗೆ ಶಾಲೆಗೆ ಬರಬಹುದಾ? ಕರೆದುಕೊಂಡು ಬರುವ, ಮನೆಗೆ ಮುಟ್ಟಿಸುವ ವ್ಯವಸ್ಥೆ ನಾವೇ ಮಾಡುತ್ತೇವೆ.